ಎಣ್ಣೆ ಹಚ್ಚಿದ ಸದ್ದು

ಕಾರಿಗೂ ಚಳಿಯಾಗುತ್ತದೆ ಎಂದರೆ ಉಪ್ಪುಂದದಲ್ಲಿ ನಗುತ್ತಾರೆ. ಕಡಲ ಬದಿಯಲ್ಲಿ ಹುಟ್ಟಿದವರಿಗೆ ಚಳಿಯೆಂದರೆ ಡಿಸೆಂಬರಿನ ನಾಲ್ಕು ದಿನ ಮುಂಜಾನೆ ಮೂಗು ಸೋರುವುದು, ಮುದುಕರು ತಲೆಗೆ ಬೈರಾಸು ಸುತ್ತಿಕೊಳ್ಳುವುದು, ಅಷ್ಟೆ. ಘಟ್ಟದ ಮೇಲಿನವರ ಮುಂದೆ ನಮ್ಮ ಚಳಿಯ ಸುದ್ದಿ ಎತ್ತಿದರೆ ಮರ್ಯಾದೆ ಉಳಿಯುವುದಿಲ್ಲ. ಆದರೆ ಈ ಸಲದ್ದು ಹಾಗಲ್ಲ. ಬಚ್ಚಲ ಗೂಡಿನಲ್ಲಿಟ್ಟ ತೆಂಗಿನೆಣ್ಣೆ ಬೆಳಿಗ್ಗೆ ಬಾಟಲಿಯನ್ನು ತಲೆಕೆಳಗು ಮಾಡಿದರೂ ಒಂದು ತೊಟ್ಟು ಇಳಿಯದ ಹಾಗೆ ಹೆಪ್ಪುಗಟ್ಟುತ್ತಿತ್ತು. ಅದೇ ದಿನಗಳಲ್ಲಿ ಸುಗುಣಳ ಬಿಳಿ ಕಾರು ನರಳಲು ಶುರು ಮಾಡಿತು.

ಬೆಳಿಗ್ಗೆ ಐದಕ್ಕೆ ಅಂಗಳದಿಂದ ಹೊರಟು, ಹೆದ್ದಾರಿ ಹತ್ತುವ ಮುಂಚಿನ ಹಂಪಿನ ಮೇಲೆ ಏರಿ ಇಳಿಯುವಾಗ ಎಡಗಡೆ ಮುಂದಿನ ಚಕ್ರದ ಬುಡದಿಂದ 'ಕಿಂಯ್ಯ್' ಎಂದು ಒಂದು ಸದ್ದು. ಅದರ ಬೆನ್ನಿಗೇ 'ಕಟ್' ಎಂದು ಇನ್ನೊಂದು. ಸುಗುಣ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಪಕ್ಕದಲ್ಲಿ ಕೂತ ಗಂಡನನ್ನು ಕೇಳುವಳು.

"ಹ್ವಾಯ್, ಕೇಂತಾ?"

"ಎಂತದೂ ಇಲ್ಲೆ. ನೀ ಸೀದಾ ಕಂಡ್ಕಂಡ್ ಬಿಡ್."

ಹೀಗೆ ಹೇಳುವವನು ಬೇರೆ ಯಾರಾದರೂ ಆಗಿದ್ದರೆ ಅವಳು ಎರಡು ಮಾತು ಆಡಿಬಿಡುತ್ತಿದ್ದಳು. ಆದರೆ ಗಣಪ ಮೂವತ್ತು ವರ್ಷ ಬೈಂದೂರು ಸ್ಟೇಷನ್ನಿನಿಂದ ಕೊಲ್ಲೂರಿಗೆ ಟ್ಯಾಕ್ಸಿ ಓಡಿಸಿದವನು. ರಸ್ತೆಯಲ್ಲಿ ಹೋಗುವ ಬಸ್ಸಿನ ಕೆಮ್ಮು ಕೇಳಿ ಮನೆಯೊಳಗೆ ಕೂತೇ ರೋಗ ಹೇಳುತ್ತಿದ್ದವನು. ಅವನಿಗೆ ಕೇಳದ ಸದ್ದು ನಿನ್ನೆ ಮೊನ್ನೆ ಲೈಸೆನ್ಸ್ ತೆಗೆದುಕೊಂಡ ಅವಳಿಗೆ ಕೇಳಿತೆಂದರೆ ಯಾರು ನಂಬುತ್ತಾರೆ?

ಎರಡು ವರ್ಷದ ಹಿಂದೆ ಗಣಪನ ಎರಡೂ ಕಿಡ್ನಿ ಕೈಕೊಟ್ಟವು. ಅಂದಿನಿಂದ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಆರಕ್ಕೆ ಕುಂದಾಪುರದಲ್ಲಿ ಡಯಾಲಿಸಿಸ್. ಮುಗಿಸಿ ಎದ್ದರೆ ಅವನಿಗೆ ತಲೆ ತಿರುಗುತ್ತದೆ, ಕಣ್ಣು ಮಂಜಾಗುತ್ತದೆ, ಸ್ಟಿಯರಿಂಗ್ ಮುಟ್ಟುವ ಹಾಗಿಲ್ಲ. ಇಪ್ಪತ್ತು ವರ್ಷ ಮೀನಿನ ಬುಟ್ಟಿ ಹೊತ್ತ ಸುಗುಣ ನಲವತ್ತಾರನೇ ವಯಸ್ಸಿನಲ್ಲಿ ಬುಟ್ಟಿ ಇಳಿಸಿ ಕ್ಲಚ್ಚಿನ ಮೇಲೆ ಕಾಲಿಟ್ಟಳು. ಕಲಿಸಿದವನು ಗಣಪನೇ. ಕಲಿತದ್ದು ಉಪ್ಪುಂದದಿಂದ ಕುಂದಾಪುರದ ಆಸ್ಪತ್ರೆಯವರೆಗಿನ ದಾರಿ, ಅಷ್ಟೇ. ಅದರಾಚೆಗಿನ ಫ್ಲೈಓವರ್ ನೋಡಿದರೆ ಅವಳಿಗೆ ಅಂಗಾಲು ತಣ್ಣಗಾಗುತ್ತಿತ್ತು. ಕಾರಿಗೆ ಐದನೇ ಗೇರ್ ಇದೆಯೆಂದು ಗೊತ್ತು, ಹಾಕಿದವಳಲ್ಲ.

ಸದ್ದು ಮೊದಲು ಬಂದದ್ದು ಸೆಪ್ಟೆಂಬರಿನಲ್ಲಿ, ಮಳೆ ಬಿಡುವ ಹೊತ್ತಿಗೆ. ಆ ದಿನ ಮರವಂತೆಯಲ್ಲಿ ಕಡಲ ಬದಿಗೆ ಕಾರು ನಿಲ್ಲಿಸಿ ಅವಳು ಅತ್ತಿದ್ದಳು. "ನಂಗ್ ಆತಿಲ್ಲೆ. ಚಕ್ರ ಕಳ್ಚಿ ಬಿದ್ರ್ ನಿಮ್ಮನ್ ಕೊಂದವ್ಳ್ ನಾನಾತೆ. ಕುಂದಾಪ್ರದ ಆಚಿಗಂತೂ ಸತ್ರೂ ಬಿಡುದಿಲ್ಲೆ, ಈಚಿಗೂ ಬೇರೆ ಯಾರನ್ನಾರೂ ಕಾಣಿ" ಎಂದಿದ್ದಳು. ಎರಡು ದಿನ ಬಿಟ್ಟು ಸದ್ದು ತನ್ನಷ್ಟಕ್ಕೇ ನಿಂತಿತು. ಸುಗುಣ ದೇವರಿಗೆ ತುಪ್ಪದ ದೀಪ ಇಟ್ಟಳು. ಆ ದೀಪ ಯಾರಿಗೆ ಸಲ್ಲಬೇಕಿತ್ತೆಂದು ಅವಳಿಗೆ ಗೊತ್ತಾದದ್ದು ಮೂರು ತಿಂಗಳ ಮೇಲೆ.

ಡಿಸೆಂಬರಿನಲ್ಲಿ ಸದ್ದು ವಾಪಸು ಬಂದಾಗ ಅದಕ್ಕೊಂದು ಹೊಸ ಚಾಳಿಯಿತ್ತು. ಮುಂಜಾನೆಯ ಚಳಿಯಲ್ಲಿ ಮಾತ್ರ ಬರುವುದು, ಬಿಸಿಲು ಬಿದ್ದರೆ ಮಾಯ. ಗಂಡನನ್ನು ಆಸ್ಪತ್ರೆಯಲ್ಲಿ ಬಿಟ್ಟು ಅವಳು ಹೆಮ್ಮಾಡಿಯ ಲೀಲಾಧರನ ಗ್ಯಾರೇಜಿಗೆ ಮೂರು ಸಲ ಹೋದಳು. ಗ್ಯಾರೇಜಿನ ಬಾಗಿಲು ತೆಗೆಯುವುದೇ ಎಂಟೂವರೆಗೆ. ಅಷ್ಟರಲ್ಲಿ ಕಾರು ಮೂಗಿಯಾಗಿರುತ್ತಿತ್ತು.

ಲೀಲಾಧರ ಒಳ್ಳೆಯವನು. ಬಾನೆಟ್ ಹಿಡಿದು ಕುಲುಕಿದ, ಹಂಪಿನ ಮೇಲೆ ಐದು ಸಲ ಓಡಿಸಿದ, ಚಕ್ರದ ಬುಡಕ್ಕೆ ಟಾರ್ಚ್ ಬಿಟ್ಟು ನೋಡಿದ. ಕೊನೆಗೆ ಕೈ ಒರೆಸಿಕೊಂಡು, "ಅಕ್ಕ, ಸದ್ದ್ ಬಾರದ್ದೇ ನಾ ಎಂತ ಬಿಚ್ಚುದ್? ಹೊಟ್ಟೆನೋವ್ ಎಲ್ಲಿ ಅಂದೇಳಿ ಗೊತ್ತಿಲ್ದೆ ಹೊಟ್ಟೆ ಕೊಯ್ಯೂಕ್ ಆತ್ತಾ?" ಎಂದ. ಒಂದು ಶನಿವಾರ ಕಾರನ್ನು ಅವನಲ್ಲೇ ಬಿಟ್ಟು ನೋಡಿದ್ದೂ ಆಯಿತು. ಶೀಟಿನ ಮಾಡಿನ ಕೆಳಗೆ ನಾಲ್ಕು ಗಾಡಿಗಳ ನಡುವೆ ಬೆಚ್ಚಗೆ ಮಲಗಿದ ಕಾರು ಭಾನುವಾರ ಬೆಳಿಗ್ಗೆ ಏನೂ ಅರಿಯದ ಸುಬ್ಬಿಯ ಹಾಗೆ ಹೊರಗೆ ಬಂತು.

"ಕಂಡ್ಯಾ?" ಎಂದ ಗಣಪ.

ಆಮೇಲೆ ಸುಗುಣ ತನ್ನ ಕಿವಿಯನ್ನೇ ಅನುಮಾನಿಸತೊಡಗಿದಳು. ಇದಕ್ಕಿಂತ ಕೆಟ್ಟ ಸ್ಥಿತಿ ಇನ್ನೊಂದಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಬೆಚ್ಚುವಳು, ನೆರೆಮನೆಯ ಗೇಟು ಕಿರುಗುಟ್ಟಿದರೆ ಅಂಗಳಕ್ಕೆ ಓಡುವಳು. ತನಗೆ ತಲೆ ಸರಿಯಿಲ್ಲವೋ ಏನೋ ಎಂದು ಹೆದರಿದಳು. ತಲೆ ಸರಿಯಿಲ್ಲದ ಹೆಂಗಸು ವಾರಕ್ಕೆ ಮೂರು ದಿನ ಗಂಡನ ಜೀವವನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಾಳಲ್ಲ ಎಂದು ಇನ್ನೂ ಹೆದರಿದಳು.

ಅವನ ಮೇಲೆ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾವಲಿದ್ದವಳು. ಕುಡಿಯುವ ನೀರು ಅಳತೆಯಲ್ಲಿ, ಉಪ್ಪು ಚಿಟಿಕೆಯಲ್ಲಿ, ಮಾತ್ರೆ ಗಂಟೆಗೆ ಸರಿಯಾಗಿ. ಎಲ್ಲಕ್ಕಿಂತ ಹೆಚ್ಚಾಗಿ ಕೈ. ಗಣಪ ಎಡಚ, ಹಾಗಾಗಿ ಡಯಾಲಿಸಿಸ್ಸಿನ ಸೂಜಿ ಚುಚ್ಚಲು ಅವನ ಬಲಗೈಯ ಮಣಿಕಟ್ಟಿನ ಮೇಲೆ ಎರಡು ರಕ್ತನಾಳ ಸೇರಿಸಿ ಹೊಲಿದಿದ್ದರು. ಅಲ್ಲಿ ಬೆರಳಿಟ್ಟರೆ ಚರ್ಮದ ಕೆಳಗೆ ಜುಂ ಜುಂ ಎಂದು ಒಂದು ನಡುಕ ಸಿಗುತ್ತದೆ. "ದಿನಾ ಬೆಳಿಗ್ಗೆ ಮುಟ್ಟಿ ನೋಡಿ ಅಮ್ಮ. ಅದು ಇದ್ದರೆ ಕೈ ಜೀವಂತ. ನಿಂತುಹೋದರೆ ಒಂದು ನಿಮಿಷ ಕಾಯಬೇಡಿ, ಕರೆದುಕೊಂಡು ಬನ್ನಿ" ಎಂದು ನರ್ಸು ಮೊದಲ ದಿನವೇ ಹೇಳಿಕೊಟ್ಟಿದ್ದಳು. ಸುಗುಣ ಎರಡು ವರ್ಷ ಒಂದು ದಿನ ಬಿಡದೆ ಮುಟ್ಟಿ ನೋಡಿದ್ದಳು. ಡಿಸೆಂಬರಿನ ನಡುವೆ ಗಣಪ ತುಂಬುತೋಳಿನ ಕಂದು ಸ್ವೆಟರ್ ಹಾಕಿಕೊಂಡ. "ಈ ಚಳಿಗೆ ತೋಳ್ ಮೇಲ್ ಮಾಡುದ್ ಬ್ಯಾಡ. ಕೈ ನಾನೇ ಕಂಡ್ಕಂತೆ" ಎಂದ. ಅವನ ಕೈ, ಅವನೇ ನೋಡಿಕೊಳ್ಳುತ್ತಾನೆ ಎಂದು ಅವಳು ಬಿಟ್ಟಳು. ಅವಳ ಗಮನವೆಲ್ಲ ಆಗ ಕಾರಿನ ಕಡೆಗಿತ್ತು.

ಒಂದು ಬುಧವಾರ ಬೆಳಿಗ್ಗೆ ನಾವುಂದ ದಾಟಿದ ಮೇಲೆ ರಸ್ತೆ ನುಣ್ಣಗಿತ್ತು. ಇದ್ದಕ್ಕಿದ್ದಂತೆ 'ಕಟ್' ಎಂದದ್ದು ಎಷ್ಟು ಜೋರಾಗಿತ್ತೆಂದರೆ ಅವಳ ಅಂಗಾಲಿಗೇ ಬಡಿಯಿತು, ಸ್ಟಿಯರಿಂಗ್ ಎಡಕ್ಕೆ ಎಳೆಯಿತು. ಅವಳು ಗಂಡನ ಕಡೆ ನೋಡಿದಳು. ಗಣಪ ಎಡಗೈಯಲ್ಲಿ ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದ. ಕೊಲ್ಲೂರಿನ ತಿರುವುಗಳಲ್ಲಿ ಮೂವತ್ತು ವರ್ಷ ಓಡಾಡಿದ ಮನುಷ್ಯ ಬಾಗಿಲ ಹಿಡಿ ಹಿಡಿದದ್ದನ್ನು ಅವಳು ಯಾವತ್ತೂ ಕಂಡಿರಲಿಲ್ಲ.

"ಈಗ ಕೇಂತಲ್ದಾ?"

"ಹೊಂಡ" ಎಂದ ಅವನು.

ಅಲ್ಲಿ ಹೊಂಡ ಇರಲಿಲ್ಲ. ಸುಗುಣ ಮೂರನೇ ಗೇರಿನಲ್ಲಿ, ಎತ್ತಿನಗಾಡಿಯ ವೇಗದಲ್ಲಿ, ಹಿಂದಿನವರ ಹಾರನ್ ತಿನ್ನುತ್ತಾ ಕುಂದಾಪುರ ಮುಟ್ಟಿದಳು. ಅವನಿಗೆ ಸದ್ದು ಕೇಳುತ್ತದೆ ಎನ್ನುವುದು ಅವಳಿಗೆ ಖಾತ್ರಿಯಾಗಿತ್ತು. ತನಗೆ ಹುಚ್ಚಿಲ್ಲ ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕೇಳಿಯೂ ಯಾಕೆ ಇಲ್ಲ ಅನ್ನುತ್ತಾನೆ?

ಗಂಡನನ್ನು ಆಸ್ಪತ್ರೆಯ ಮಂಚದ ಮೇಲೆ ಬಿಟ್ಟು ಹೊರಗೆ ಬೆಂಚಿನ ಮೇಲೆ ಕೂತಾಗ ಬೆಳಕು ಹರಿಯುತ್ತಿತ್ತು. ಇನ್ನೆರಡು ಗಂಟೆಯಲ್ಲಿ ಬಿಸಿಲು ಬರುತ್ತದೆ, ಸದ್ದು ಓಡಿಹೋಗುತ್ತದೆ, ಲೀಲಾಧರ ಮತ್ತೆ ಕೈ ಒರೆಸಿಕೊಳ್ಳುತ್ತಾನೆ. ಚಳಿಯನ್ನು ಕಟ್ಟಿಕೊಂಡು ಹೋಗಲು ಬರುತ್ತದೆಯೇ? ಹೀಗೆ ಅಂದುಕೊಂಡವಳು ತಟ್ಟನೆ ಎದ್ದು ನಿಂತಳು. ಇಪ್ಪತ್ತು ವರ್ಷ ಅವಳು ಮಾಡಿದ ಕೆಲಸವೇ ಅದಲ್ಲವೇ? ಬಂದರಿನ ಚಳಿಯನ್ನು ಬುಟ್ಟಿಯಲ್ಲಿ ಕಟ್ಟಿಕೊಂಡು ಬಸ್ರೂರಿನವರೆಗೆ ಒಯ್ದವಳು ಅವಳು. ಬಂಗುಡೆ ಮಧ್ಯಾಹ್ನದವರೆಗೂ ಕಣ್ಣು ಬಿಟ್ಟುಕೊಂಡೇ ಇರುತ್ತಿತ್ತು.

ಮೀನು ಮಾರ್ಕೆಟ್ಟಿನಲ್ಲಿ ಹಳೆಯ ಗೆಳತಿ ಸೀತು ಆಗಷ್ಟೆ ಮೀನಿನ ಬಾಕ್ಸು ಬಿಚ್ಚುತ್ತಿದ್ದಳು.

"ಸೀತು, ಎರಡ್ ಬಾಕ್ಸ್ ಪುಡಿ ಐಸ್ ಬೇಕಿತ್ತ್."

"ಮೀನ್ ಎಷ್ಟ್ ಹಾಕ್ಲಿ?"

"ಮೀನ್ ಬ್ಯಾಡ. ಐಸ್ ಮಾತ್ರ."

ಸೀತು ಬಾಯಿ ಬಿಟ್ಟು ನೋಡಿದಳು. "ಬರೀ ಐಸ್ ಎಂತಕೆ ಮಾರಾಯ್ತಿ? ಉಪ್ಕರಿ ಪಲ್ಯ ಮಾಡ್ತ್ಯಾ?" ಎಂದು ನಗಾಡಿದಳು, ಆದರೂ ಬಾಕ್ಸು ತುಂಬಿಸಿ ಎರಡು ಗೋಣಿ ಮುಚ್ಚಿ ಕೊಟ್ಟಳು.

ಸುಗುಣ ಕಾರನ್ನು ಹೆಜ್ಜೆ ಹೆಜ್ಜೆಗೆ ಹೆಮ್ಮಾಡಿಗೆ ತಂದಳು. ಲೀಲಾಧರ ಬಾಗಿಲು ತೆಗೆಯುವಾಗ ಅವಳು ಆಗಲೇ ಗೇಟಿನಲ್ಲಿದ್ದಳು. "ಬೆಳಗಿನ್ ಚಳಿಯನ್ ಇಲ್ಲಿಗೇ ತಕಂಡ್ ಬಂದೆ, ಲೀಲಾಧರ. ಇನ್ ಸದ್ದ್ ಬತ್ತಿಲ್ಲೆ ಅಂದೇಳಿ ಹೇಳ್ಬೇಡ" ಎಂದಳು.

ಲೀಲಾಧರ ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ ಯೋಚಿಸಿದ. ಚಳಿಗೆ ರಬ್ಬರು ಗಟ್ಟಿಯಾಗುತ್ತದೆ, ಗಟ್ಟಿಯಾದ ರಬ್ಬರು ಕೂಗುತ್ತದೆ ಎಂಬುದು ಅವನಿಗೆ ಗೊತ್ತಿದ್ದ ಪಾಠವೇ. ಆದರೆ ಚಳಿಯನ್ನು ಮೀನಿನ ಬಾಕ್ಸಿನಲ್ಲಿ ತರಬಹುದೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಡಗಡೆಯ ಚಕ್ರವನ್ನು ಪೂರ್ತಿ ಹೊರಳಿಸಿ, ಒಳಗಿನ ಕಬ್ಬಿಣದ ತೋಳಿನ ಸುತ್ತ, ರಬ್ಬರಿನ ಬುಷ್ಷುಗಳ ಸುತ್ತ ಇಬ್ಬರೂ ಸೇರಿ ಐಸು ತುಂಬಿ ಗೋಣಿ ಕಟ್ಟಿದರು. ಅರ್ಧ ಗಂಟೆ ಕಾದರು. ನೀರು ತೊಟ್ಟಿಕ್ಕುತ್ತಿತ್ತು, ಇಡೀ ಗ್ಯಾರೇಜು ಬಂಗುಡೆ ನಾತ ಹೊಡೆಯತೊಡಗಿತು.

"ಈಗ ಬಾನೆಟ್ ಒತ್ತಿ ಬಿಡಿ ಅಕ್ಕ."

ಅವಳು ಮೈಭಾರ ಹಾಕಿ ಒತ್ತಿದಳು.

'ಕಿಂಯ್ಯ್. ಕಟ್.'

ಸುಗುಣಳಿಗೆ ಕಣ್ಣಲ್ಲಿ ನೀರೇ ಬಂತು. ಇನ್ನೊಬ್ಬರ ಮುಖದಲ್ಲಿ ತನ್ನ ಕಿವಿಗೆ ಸಾಕ್ಷಿ ಸಿಕ್ಕಿದ್ದು ಇದೇ ಮೊದಲು. ಲೀಲಾಧರ ಚಕ್ರದ ಪಕ್ಕ ಅಂಗಾತ ಮಲಗಿ, ಗೋಣಿ ಸರಿಸಿ, ಒಂದೊಂದೇ ಭಾಗಕ್ಕೆ ಬೆರಳು ಹಚ್ಚಿ ಅವಳಿಂದ ಮತ್ತೆ ಮತ್ತೆ ಒತ್ತಿಸಿದ. ಆಮೇಲೆ ಅವಳನ್ನೇ ಕರೆದ.

"ನೀವೇ ಮುಟ್ಟಿ ಕಾಣಿ. ಕಿವಿ ಮೋಸ ಮಾಡ್ತ್, ಸದ್ದ್ ಒಂದ್ಕಡೆ ಹುಟ್ಟಿ ಇನ್ನೊಂದ್ ಕಡೆ ಕೇಂತ್. ಬೆರಳ್ ಮೋಸ ಮಾಡುದಿಲ್ಲೆ. ಇಲ್ಲಿ ಇಡಿ. ನಾ ಒತ್ತೆ."

ಅವಳು ಕುಕ್ಕರಗಾಲಿನಲ್ಲಿ ಕೂತು ತಣ್ಣಗಿನ ಕಬ್ಬಿಣಕ್ಕೆ ಎರಡು ಬೆರಳು ಹಚ್ಚಿದಳು. ಬೆರಳ ಕೆಳಗೆ ಥರಥರ ಎಂದಿತು. ಆ ಥರಥರ ಅವಳ ಬೆರಳಿಗೆ ಹೊಸದಲ್ಲ, ಆದರೆ ಎಲ್ಲಿ ಕಂಡದ್ದೆಂದು ನೆನಪು ಮಾಡಿಕೊಳ್ಳಲು ಪುರಸೊತ್ತಾಗಲಿಲ್ಲ. ಬೆರಳಿಗೆ ಇನ್ನೇನೋ ಅಂಟಿತ್ತು. ಬೆಳ್ಳಗೆ, ಮೆತ್ತಗೆ, ಬೆಣ್ಣೆಯ ಹಾಗೆ.

"ಇದೆಂತ? ಗ್ರೀಸಾ?"

ಲೀಲಾಧರ ಉಗುರಿನಿಂದ ಕೆರೆದು ನೋಡಿದ. "ಗ್ರೀಸ್ ಇಷ್ಟ್ ಬೆಳ್ಳಗ್ ಇರುದಿಲ್ಲೆ. ತೆಂಗಿನೆಣ್ಣೆ ಅಕ್ಕ. ಐಸಿಗೆ ಹೆಪ್ಪ್ ಕಟ್ಟಿತ್."

ಸುಗುಣ ಬೆರಳನ್ನು ಮೂಗಿನ ಹತ್ತಿರ ತಂದಳು. ಒಂದೆಲಗ, ಕರಿಬೇವು, ಚೂರು ಮೆಂತ್ಯ. ತಿಂಗಳಿಗೊಮ್ಮೆ ಅವಳು ತನ್ನ ಕೈಯಾರೆ ಕಾಯಿಸಿ, ಸೋಸಿ, ಬಚ್ಚಲ ಗೂಡಿನಲ್ಲಿಡುವ ಎಣ್ಣೆ. ಪ್ರಪಂಚದಲ್ಲಿ ಬೇರೆ ಯಾವ ಮನೆಯದೂ ಅಲ್ಲ. ರಬ್ಬರಿನ ಸಂದಿಯಲ್ಲಿ ಕಂದು ಬಣ್ಣದ ಒಂದು ಎಳೆ ಸಿಕ್ಕಿಕೊಂಡಿತ್ತು. ಎಳೆದಳು. ಕೋಳಿಪುಕ್ಕದ ತುಂಡು. ಸೆಪ್ಟೆಂಬರಿನಿಂದ ಎಣ್ಣೆ ಬಾಟಲಿಯ ಪಕ್ಕ ಒಂದು ಕೋಳಿಪುಕ್ಕ ಇದ್ದದ್ದನ್ನು ಅವಳು ದಿನಾ ನೋಡುತ್ತಿದ್ದಳು. ಗಣಪ ಕಿವಿಗೆ ಎಣ್ಣೆ ಬಿಟ್ಟುಕೊಳ್ಳುತ್ತಾನೆ ಅಂದುಕೊಂಡಿದ್ದಳು.

ಲೀಲಾಧರ ಆಗಲೇ ಚಕ್ರ ಬಿಚ್ಚಿ ಕಬ್ಬಿಣದ ಸಲಾಕೆ ಹಾಕಿ ಮೀಟುತ್ತಿದ್ದ. ಸಂದು ಅಲುಗಿತು. ಅವನ ಮುಖ ಗಂಭೀರವಾಯಿತು. ಚಕ್ರವನ್ನು ತೋಳಿಗೆ ಹಿಡಿದಿಡುವ ಗುಂಡಿನ ಕೀಲು ಅದು, ಬಾಲ್ ಜಾಯಿಂಟು. ಮೇಲಿನ ರಬ್ಬರು ಟೋಪಿ ಹರಿದು, ಎಣ್ಣೆ ಒಳಗಿಳಿದು, ಇದ್ದ ಗ್ರೀಸನ್ನೆಲ್ಲ ತೊಳೆದುಬಿಟ್ಟಿತ್ತು. ಬುಷ್ಷು ನೆನೆಹಾಕಿದ ಕಡಲೆಯ ಹಾಗೆ ಉಬ್ಬಿತ್ತು.

"ಸುರುವಿಗೆ ಸದ್ದ್ ಬಂದಾಗ್ಳೇ ತಂದಿದ್ರೆ ಒಂದ್ ಬುಷ್ಷಲ್ಲಿ ಮುಗೀತಿತ್ತ್" ಎಂದ. "ರಬ್ಬರಿಗ್ ಎಣ್ಣೆ ವಿಷ. ಎಣ್ಣೆ ಹಾಕ್ದವ್ರ್ ಸದ್ದನ್ ಗುಣ ಮಾಡ್ಯರ್, ಗಾಡಿಯನ್ ಅಲ್ಲ. ಇನ್ನೊಂದ್ ದೊಡ್ಡ ಹೊಂಡ ಸಿಕ್ಕಿದ್ರೆ ಚಕ್ರ ಮಡ್ಚಿ ಬೀಳ್ತಿತ್ತ್, ಅಕ್ಕ. ಈ ಚಳಿ ಬಂದದ್ದೇ ಪುಣ್ಯ. ಯಾರ್ ಹಾಕದ್?"

ಸುಗುಣ ಪುಕ್ಕದ ತುಂಡನ್ನು ಸೆರಗಿನ ತುದಿಗೆ ಗಂಟು ಹಾಕಿ ಬಿಗಿದಳು. ಅವಳಿಗೆ ಸಿಟ್ಟು ಬಂದಿತ್ತು. ವೈದ್ಯನ ಹತ್ತಿರ, ವಕೀಲನ ಹತ್ತಿರ ಸುಳ್ಳು ಹೇಳಬಾರದು ಅನ್ನುತ್ತಾರೆ. ಹೆಂಡತಿಯ ಹತ್ತಿರ ಹೇಳಬಹುದೆಂದು ಯಾರು ಹೇಳಿದರು?

ಕಾರನ್ನು ಬಿಡಲು ಲೀಲಾಧರ ಒಪ್ಪಲಿಲ್ಲ. ಉಡುಪಿಯಿಂದ ಮಧ್ಯಾಹ್ನದ ಬಸ್ಸಿನಲ್ಲಿ ಸಾಮಾನು ತರಿಸಿ ಸಂಜೆಯೊಳಗೆ ಹಾಕಿ ಮನೆಗೇ ತಂದು ಬಿಡುತ್ತೇನೆ, ಅಲ್ಲಿವರೆಗೆ ಇದನ್ನು ಇಟ್ಟುಕೊಳ್ಳಿ ಎಂದು ತನ್ನ ಹಳೇ ವ್ಯಾನಿನ ಕೀಲಿಕೈ ಕೊಟ್ಟ. ಆ ವ್ಯಾನಿಗೆ ಹಾರನ್ ಒಂದನ್ನು ಬಿಟ್ಟು ಮೈಯೆಲ್ಲ ಸದ್ದು. ಆದರೆ ಸುಗುಣಳಿಗೆ ಹೆದರಿಕೆಯಾಗಲಿಲ್ಲ. ಸಿಟ್ಟಿಗೂ ಹೆದರಿಕೆಗೂ ಒಂದೇ ಮನೆಯಲ್ಲಿ ಜಾಗವಿಲ್ಲ.

ಹತ್ತೂವರೆಗೆ ಗಣಪನನ್ನು ಹತ್ತಿಸಿಕೊಂಡಳು. "ನಮ್ಮ ಗಾಡಿ ಎಲ್ಲಿ?" ಎಂದು ಕೇಳಿದ. ಅವಳು ಮರವಂತೆಗೆ ಬಂದು, ಸೆಪ್ಟೆಂಬರಿನಲ್ಲಿ ನಿಲ್ಲಿಸಿದ ಜಾಗದಲ್ಲೇ ವ್ಯಾನು ನಿಲ್ಲಿಸಿದಳು. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಲಾರಿಗಳ ಓಡಾಟ. ಸೆರಗಿನ ತುದಿ ಬಿಚ್ಚಿ ಕೋಳಿಪುಕ್ಕದ ತುಂಡನ್ನು ಅವನ ತೊಡೆಯ ಮೇಲಿಟ್ಟಳು.

ಗಣಪ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ.

"ಸದ್ದ್ ನಿಮ್ಗೆ ಕೇಂತಿತ್ತಾ?" ಎಂದು ಅವಳು ಕೇಳಿದಳು.

"ಸುರುವಿಂದ್ಲೂ ಕೇಂತಿತ್ತ್."

"ನಂಗ್ ಹುಚ್ಚ್ ಅಂದೇಳಿ ಮಾಡಿರ್ಯಲ್ಲ. ಮೂರ್ ವಾರ. ನನ್ ಕಿವಿ ನಾನೇ ನಂಬುದ್ ಬಿಟ್ಟೆ."

"ಅವತ್ತ್ ಇಲ್ಲೇ ಕೂಕಂಡ್ ಅತ್ತೆ ನೀನ್. ಬೇರೆ ಯಾರನ್ನಾರೂ ಕಾಣಿ ಅಂದೆ" ಎಂದ ಗಣಪ. ಅವನ ಧ್ವನಿಯಲ್ಲಿ ಡಯಾಲಿಸಿಸ್ಸಿನ ಸುಸ್ತಿತ್ತು. "ನೀ ಬಿಟ್ರೆ ನಂಗ್ ಯಾರ್ ಇದ್ರ್ ಹೆಣ್ಣೆ? ವಾರಕ್ಕೆ ಮೂರ್ ಸಲ ಯಾರ್ಯಾರ್ ಕೈಕಾಲ್ ಹಿಡ್ಕಂಡ್ ಹೋಪುದ್? ಸದ್ದ್ ನಿಂತ್ರೆ ನಿನ್ ಹೆದ್ರಿಕೆಯೂ ನಿಲ್ತ್ ಅಂದ್ಕಂಡೆ. ಗಾಡಿ ಅಡಿಗ್ ಬಗ್ಗಿ ಕಾಂಬುಕೆ ನಂಗ್ ಈಗ ಸಾಧ್ಯ ಇಲ್ಲೆ. ಚಕ್ರ ತಿರ್ಗ್ಸಿ, ಪುಕ್ಕದಗ್ ಎಣ್ಣೆ ಬಿಟ್ಟೆ. ನಿಂತ್ತ್. ಚಳಿ ಬಂದ್ ಹಾಳ್ ಮಾಡ್ತ್."

ಹೀಗೆ ಹೇಳುವ ಮನುಷ್ಯನನ್ನು ಹೊಡೆಯಬೇಕೋ ಅಪ್ಪಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. ಅವಳು ಸತ್ತರೂ, ಅವನು ಸತ್ತರೂ ಪರವಾಗಿಲ್ಲ, ಅವಳು ಹೆದರಬಾರದು! ಇದ್ಯಾವ ಸೀಮೆಯ ಪ್ರೀತಿ?

"ಇನ್ನೆಲ್ಲೆಲ್ಲಿಗ್ ಎಣ್ಣೆ ಹಾಕಿರಿ?" ಎಂದು ಸಿಟ್ಟಿನಲ್ಲೇ ಕೇಳಿದಳು.

ಅದು ಬರಿಯ ಬೈಗುಳ. ಉತ್ತರ ಬೇಕೆಂದು ಕೇಳಿದ್ದಲ್ಲ. ಆದರೆ ಗಣಪನ ಎಡಗೈ ತನಗೆ ತಿಳಿಯದೆಯೇ ಹೋಗಿ ಬಲಗೈಯ ಸ್ವೆಟರಿನ ತೋಳನ್ನು ಬೆರಳ ತುದಿಯವರೆಗೆ ಎಳೆದು ಬಿಟ್ಟಿತು. ಸುಗುಣ ಅದನ್ನು ಕಂಡಳು. ಬೆಳಿಗ್ಗೆ ಬಾಗಿಲ ಹಿಡಿ ಹಿಡಿದಿದ್ದ ಅದೇ ಕೈ.

"ತೋಳ್ ಮೇಲ್ ಮಾಡಿ."

"ಚಳಿ..."

"ಹನ್ನೊಂದ್ ಗಂಟಿಗ್ ಎಲ್ಲಿ ಚಳಿ? ಮೇಲ್ ಮಾಡಿ!"

ಅವನು ಮಾಡಲಿಲ್ಲ. ಅವಳೇ ಮಾಡಿದಳು. ಸೂಜಿ ತೆಗೆದ ಜಾಗಕ್ಕೆ ಆಸ್ಪತ್ರೆಯವರು ಹಚ್ಚಿದ ಪಟ್ಟಿಯ ಕೆಳಗೆ, ಹೊಲಿಗೆಯ ಗುರುತಿನ ಮೇಲೆ ಎರಡು ಬೆರಳಿಟ್ಟಳು. ಲಾರಿ ಹೋಗುವುದನ್ನು ಕಾದಳು. ಎರಡು ವರ್ಷ ಅವಳ ಬೆರಳಿಗೆ ರೂಢಿಯಾಗಿದ್ದ ಜುಂ ಜುಂ ಅಲ್ಲಿರಲಿಲ್ಲ. ಬಹಳ ಕೆಳಗೆ, ಗೋಡೆಯಾಚೆ ಯಾರೋ ಗುನುಗಿದ ಹಾಗೆ, ಒಂದು ತೆಳ್ಳನೆಯ ನಡುಕ ಮಾತ್ರ ಇತ್ತು.

"ಯಾವಾಗಿಂದ?"

ಗಣಪ ಸ್ವೆಟರಿನ ಕಿಸೆಯಿಂದ ನಾಲ್ಕು ಮಡಿಕೆಯ ಒಂದು ಚೀಟಿ ತೆಗೆದ. ನರ ಕಿರಿದಾಗುತ್ತಿದೆ, ಬೇಗ ಸರಿ ಮಾಡಿಸದಿದ್ದರೆ ಮುಚ್ಚಿಹೋಗುತ್ತದೆ ಎಂದು ಹಿಂದಿನ ವಾರದ ಸೋಮವಾರವೇ ಡಯಾಲಿಸಿಸ್ಸಿನ ಡಾಕ್ಟರು ಬರೆದುಕೊಟ್ಟಿದ್ದರು. ಬ್ರಹ್ಮಾವರದ ಆಸ್ಪತ್ರೆಗೆ ಪ್ರತಿ ಗುರುವಾರ ರಕ್ತನಾಳದ ಡಾಕ್ಟರು ಬರುತ್ತಾರೆ, ತೋರಿಸಿ ಎಂದಿದ್ದರು. ಒಂದು ಗುರುವಾರ ಆಗಲೇ ಕಳೆದುಹೋಗಿತ್ತು.

"ಹೆಂಡ್ತಿಗ್ ಹೇಳ್ತೆ ಅಂದೆ ಅವ್ರಿಗೆ" ಎಂದ ಗಣಪ ಕಡಲಿನ ಕಡೆ ನೋಡುತ್ತ. "ಕುಂದಾಪ್ರದ ಆಚಿಗ್ ಸತ್ರೂ ಬಿಡುದಿಲ್ಲೆ ಅಂದವ್ಳ್ ನೀನ್. ಹೆದ್ರಿದವ್ಳನ್ ಮತ್ತೂ ಹೆದ್ರ್ಸುದ್ ಎಂತಕೆ? ಚಳಿ ಕಳೀಲಿ, ಚಳಿಗ್ ನರ ಬಿಗೀತ್ ಅಂಬ್ರ್, ಬಿಸ್ಲಿಗ್ ಸಮ ಆತ್ತೋ ಏನೋ ಅಂದ್ಕಂಡೆ."

ಸುಗುಣಳಿಗೆ ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಈ ಮನುಷ್ಯ ಅವಳ ಹೆದರಿಕೆಯನ್ನು ಗೋಡೆ ಮಾಡಿಕೊಂಡು ಅದರ ಹಿಂದೆ ತನ್ನ ಹೆದರಿಕೆಯನ್ನು ಅಡಗಿಸಿಟ್ಟಿದ್ದ. ಅದು ಅವಳಿಗೆ ಆ ಹೊತ್ತಿಗೆ ಅಂಗೈಯ ಗೆರೆಯಷ್ಟು ಸ್ಪಷ್ಟವಾಗಿ ಕಂಡಿತು. ಅವಳು ಅವನ ಕೈಯನ್ನು ಬಿಡದೆ, ನಿಧಾನವಾಗಿ ಹೇಳಿದಳು.

"ಕಾಣಿ. ಹೆದ್ರಿಕೆ ನಂದ್. ನಾ ಇಟ್ಕಂತೆ. ಅದ್ಕೆ ನೀವ್ ಎಣ್ಣೆ ಹಾಕುದ್ ಬ್ಯಾಡ. ನಾಳಿ ಬ್ರಹ್ಮಾವರಕ್ ನಾನೇ ಬಿಡ್ತೆ. ನೀವ್ ಒಂದೇ ಕೆಲ್ಸ ಮಾಡ್ಕ್. ಇನ್ ಮೇಲೆ ಕೇಂದದ್ದ್ ಕೇಂದ ಹಾಂಗೇ ಹೇಳ್ಕ್. ಗಾಡೀದಾದ್ರೂ ಸರಿ, ಕೈದಾದ್ರೂ ಸರಿ."

ಗಣಪ ಹೂಂ ಎಂದ. ಅವನ ಹೂಂಗೆ ಈಗ ಎಷ್ಟು ತೂಕ ಎಂದು ಅವಳಿಗೆ ಗೊತ್ತಿರಲಿಲ್ಲ.

ಸಂಜೆ ಏಳಕ್ಕೆ ಲೀಲಾಧರ ಹೇಳಿದ ಹಾಗೆ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ. ಹೊಸ ಕೀಲು, ಹೊಸ ಬುಷ್ಷು. ಹೋಗುವಾಗ ಬಾಗಿಲಲ್ಲಿ ನಿಂತು, "ಗಣಪಣ್ಣ, ಎಣ್ಣೆ ತಲೆಗ್ ಹಾಕಿ" ಎಂದು ನಗಾಡಿದ. ಗಣಪನೂ ನಗಲು ನೋಡಿದ.

ಗುರುವಾರ ಬೆಳಿಗ್ಗೆ ಎಣ್ಣೆ ಎಂದಿನಂತೆ ಹೆಪ್ಪುಗಟ್ಟಿತ್ತು. ಪುಕ್ಕ ಗೂಡಿನಲ್ಲಿರಲಿಲ್ಲ. ಹೊರಡುವ ಮೊದಲು ಸುಗುಣ ಗಂಡನ ಕೈ ಮುಟ್ಟಿ ನೋಡಿದಳು. ತೆಳ್ಳಗೆ, ಆದರೆ ಇತ್ತು. ಬಲಗಡೆಯ ಸ್ವೆಟರ್ ತೋಳನ್ನು ಮೊಣಕೈವರೆಗೆ ಮಡಚಿ, ಆ ಕೈ ಮೇಲೆ ತನ್ನ ಹತ್ತಿಯ ಹಳೇ ಸೀರೆಯ ತುಂಡು ಹೊದಿಸಿದಳು. ಹಂಪಿನ ಮೇಲೆ ಕಾರು ಏರಿತು, ಇಳಿಯಿತು. ಸದ್ದಿಲ್ಲ. ಮೂರು ವಾರ ಆ ಸದ್ದಿಗೆ ಕಾದು ಕಾದು ರೂಢಿಯಾದ ಕಿವಿಗೆ ಈಗ ಮೌನವೇ ಹೆದರಿಕೆ ಹುಟ್ಟಿಸಿತು.

ಕುಂದಾಪುರದ ಆಸ್ಪತ್ರೆಯ ತಿರುವು ಬಂತು. ಕೈ ತಾನಾಗಿ ಇಂಡಿಕೇಟರಿನ ಕಡೆ ಹೋಯಿತು. ಅದನ್ನು ಹಿಂದಕ್ಕೆ ತಂದಳು. ಮುಂದೆ ಫ್ಲೈಓವರ್ ಎದ್ದು ನಿಂತಿತ್ತು, ಅಂಗಾಲು ಹೇಳಿದ ಮಾತು ಕೇಳದೆ ತಣ್ಣಗಾಯಿತು. ಪಕ್ಕದಲ್ಲಿ ಒಂದು ಟ್ಯಾಂಕರು, ಹಿಂದೆ ಹಾರನ್ ನಿಲ್ಲಿಸದ ಬಸ್ಸು.

"ಹೆದ್ರಿಕೆ ಆತ್ತಾ?" ಎಂದ ಗಣಪ.

"ಆತ್ತ್."

"ನಂಗೂ" ಎಂದ. "ಮೂರ್ನೇ ಗೇರಲ್ಲೇ ಹತ್ತ್ಸ್."

ಹತ್ತಿಸಿದಳು, ಇಳಿಸಿದಳು. ಕೋಟೇಶ್ವರ ಹೋಯಿತು, ಕುಂಭಾಶಿ ಹೋಯಿತು. ಬಿಸಿಲು ಎಡಗಡೆಯಿಂದ ಗಾಜಿನೊಳಗೆ ಬಿತ್ತು. ಎರಡು ವರ್ಷದಲ್ಲಿ ಕಾಣದ ಅಂಗಡಿ, ಹೊಸ ಹೊಸ ಬೋರ್ಡು. ತನ್ನ ಗಂಡನನ್ನು ತಾನೇ ಇಷ್ಟು ದೂರ ತಂದೆನಲ್ಲ ಎಂದು ಅವಳಿಗೆ ಒಂದು ಗಳಿಗೆ ಹೆಮ್ಮೆಯೂ ಆಯಿತು. ಗಣಪ ಸೀರೆಯ ತುಂಡಿನ ಕೆಳಗೆ ಎಡಗೈಯ ಬೆರಳುಗಳನ್ನು ಬಲಗೈಯ ಮೇಲಿಟ್ಟುಕೊಂಡು ಸೀದಾ ರಸ್ತೆ ನೋಡುತ್ತಿದ್ದ.

ಕೋಟ ದಾಟುವಾಗ ಅವನ ಬೆರಳು ಅಲ್ಲಿಂದ ಎದ್ದಿತು. ಮತ್ತೆ ಕೂತಿತು. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಮತ್ತೆ ಅಲ್ಲಿಗೇ. ಸುಗುಣ ಓರೆಗಣ್ಣಿನಲ್ಲಿ ಕಂಡಳು, ಕೇಳಲಿಲ್ಲ. ಅವನಾಗಿಯೇ ಹೇಳಬೇಕಿತ್ತು.

"ಸುಗುಣ."

"ಎಂತ?"

ಎಂತದೂ ಇಲ್ಲೆ ಎನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದು ನಿಂತದ್ದು ಅವಳಿಗೆ ಕಾಣುತ್ತಿತ್ತು.

"ನಿಂತ್ ಹೋಯ್ತ್" ಎಂದ ಗಣಪ. "ಕೈ. ಈಗ, ಇಲ್ಲೇ. ನಾ ಸುಳ್ಳ್ ಹೇಳುದಿಲ್ಲೆ."

ಅವಳು ಗೇರಿನಿಂದ ಎಡಗೈ ತೆಗೆದು ಅವನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು. ಕಿವಿ ಮೋಸ ಮಾಡಬಹುದು. ಬೆರಳು ಮಾಡುವುದಿಲ್ಲ. ಚರ್ಮ ಬೆಚ್ಚಗಿತ್ತು, ಒಳಗೆ ಏನೂ ಇರಲಿಲ್ಲ.

ಒಂದು ನಿಮಿಷ ಕಾಯಬೇಡಿ ಎಂದಿದ್ದಳು ನರ್ಸು. ಬ್ರಹ್ಮಾವರ ಹತ್ತು ಕಿಲೋಮೀಟರ್ ಎಂದು ರಸ್ತೆ ಬದಿಯ ಬೋರ್ಡು ಹೇಳಿತು. ಕಾರು ನಿಲ್ಲಿಸಿ ಅಳಲು ಅಲ್ಲಿ ಮರದ ನೆರಳೂ ಇತ್ತು. ಸುಗುಣ ಅದನ್ನು ಹಿಂದೆ ಬಿಟ್ಟಳು.

"ಹೇಳಿರ್ಯಲ್ಲ, ಒಳ್ಳೇದಾಯ್ತ್" ಎಂದಳು. ಕೈಯನ್ನು ಗೇರಿಗೆ ವಾಪಸು ತಂದು, ಕ್ಲಚ್ಚು ಒತ್ತಿ, ಯಾರನ್ನೂ ಕೇಳದೆ ಐದನೇ ಗೇರ್ ಹಾಕಿದಳು.